ಹಾರುವವಳಿಗೆ ಬಲೆ ಉಂಟು, ಕೂತವರಿಗೆ?

“ಸಿಂಹ ಇಲ್ಲ, ಹುಲಿ ಇಲ್ಲ, ಸೈಕಲ್ ಹೊಡೆಯೋ ಕರಡಿ ಇಲ್ಲ. ದುಡ್ಡು ಕೊಟ್ಟು ಆ ಡೇರೆಯೊಳಗೆ ಹೋಗಿ ನೋಡೋದಾದರೂ ಏನು ಸ್ವಾಮಿ?”

ಬಸ್ ಸ್ಟ್ಯಾಂಡಿನ ಹಿಂದಿನ ಮೈದಾನದಲ್ಲಿ ಸರ್ಕಸ್ಸಿನ ಡೇರೆ ಎದ್ದ ದಿನದಿಂದ ಪೇಟೆ ಬೀದಿಯಲ್ಲಿ ಕೇಳಿಬರುತ್ತಿರುವ ಪ್ರಶ್ನೆ ಇದು. ಕೇಳುವವರದ್ದು ತಪ್ಪೇನಿಲ್ಲ. ನಲವತ್ತು ದಾಟಿದವರಿಗೆಲ್ಲ ಸರ್ಕಸ್ ಎಂದರೆ ಸರಿರಾತ್ರಿಯಲ್ಲಿ ಮೈದಾನದ ಕಡೆಯಿಂದ ಕೇಳುತ್ತಿದ್ದ ಸಿಂಹದ ಗರ್ಜನೆ. ಆದರೆ ಸಿಂಹ, ಹುಲಿ, ಚಿರತೆ, ಕರಡಿ, ಕೋತಿ ಇವನ್ನು ಆಡಿಸಿ ಪ್ರದರ್ಶನ ಮಾಡುವಂತಿಲ್ಲ ಎಂದು 1998ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2011ರಲ್ಲಿ ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದಕ್ಕೂ ಅದೇ ನ್ಯಾಯಾಲಯ ತಡೆ ಹಾಕಿತು. ಎರಡೂ ಆಗಬೇಕಾದದ್ದೇ. ಮೂಕ ಪ್ರಾಣಿಯ ಬೆನ್ನಿಗೆ ಚಾಟಿ ಬೀಸಿ, ಎಳೆ ಮಕ್ಕಳ ಮೈ ಮುರಿದು ನಮ್ಮನ್ನು ನಗಿಸಬೇಕಾಗಿಲ್ಲ.

ಹಾಗಾದರೆ ಡೇರೆಯೊಳಗೆ ಉಳಿದದ್ದು ಯಾರು? ವಯಸ್ಸಿಗೆ ಬಂದ ಮನುಷ್ಯರು. ಅವರ ಎರಡು ಕೈ, ಎರಡು ಕಾಲು, ವರ್ಷಗಟ್ಟಲೆ ಮಾಡಿದ ಅಭ್ಯಾಸ. ಇಷ್ಟು ಸಾಕೋ ಸಾಲದೋ ನೋಡಿಯೇ ಬಿಡೋಣ ಎಂದು ಭಾನುವಾರ ಸಂಜೆಯ ಆಟಕ್ಕೆ ನಾವೂ ಹೋದೆವು.

ಅರ್ಧ ನಾಟಕ, ಅರ್ಧ ಕಸರತ್ತು

ಮೊದಲೇ ಹೇಳಿಬಿಡುತ್ತೇವೆ, ಇದು ಒಂದಾದ ಮೇಲೊಂದು ಐಟಂ ತಂದು ನಿಲ್ಲಿಸುವ ಹಳೇ ಕಾಲದ ಸರ್ಕಸ್ ಅಲ್ಲ. ಇದರಲ್ಲೊಂದು ಕತೆ ಇದೆ. ಜೋಕರ್ ಒಬ್ಬ ಮೇಲೆ ಜೋಕಾಲಿಯಲ್ಲಿ ಹಾರುವ ಹುಡುಗಿಯನ್ನು ಕಂಡು ಮರುಳಾಗುತ್ತಾನೆ. ಹೇಗಾದರೂ ಅವಳಿರುವ ಎತ್ತರಕ್ಕೆ ಏರಬೇಕು ಅನ್ನುವುದು ಅವನ ಹಟ. ತಂತಿಯ ಮೇಲೆ ನಡೆಯುವವರ ಹತ್ತಿರ ಹೋಗಿ ಜಾರುತ್ತಾನೆ, ಒಂಟಿ ಚಕ್ರದ ಸೈಕಲ್ ಹತ್ತಿ ಉರುಳುತ್ತಾನೆ, ಹೆಗಲ ಮೇಲೆ ಹೆಗಲು ನಿಂತ ಮನುಷ್ಯರ ಗೋಪುರವನ್ನು ಏರಹೋಗಿ ಎಲ್ಲರಿಂದ ಬೈಸಿಕೊಳ್ಳುತ್ತಾನೆ. ಮಾತು ಕಡಿಮೆ, ಎಲ್ಲ ಮುಖದಲ್ಲಿ, ಮೈಯಲ್ಲಿ.

ಕಸರತ್ತಿಗೆ ಕತೆ, ವೇಷ, ಸಂಗೀತ ಬೆರೆಸುವ ಈ ರೀತಿಗೆ ಜಗತ್ತಿನ ತುಂಬ ಹೆಸರು ತಂದದ್ದು ಕೆನಡಾದ ಸರ್ಕ್ ದು ಸೊಲೇ ತಂಡ. 1984ರಲ್ಲಿ ಹುಟ್ಟಿದ ಆ ತಂಡ ಒಂದು ಪ್ರಾಣಿಯನ್ನೂ ಕಟ್ಟಿಕೊಳ್ಳದೆ ದೇಶ ದೇಶ ತಿರುಗಿತು. 2018ರಲ್ಲಿ ಮುಂಬಯಿಗೂ ಬಂದಿತ್ತು. ಆ ಥಳಕು ಇಲ್ಲಿ ಎಲ್ಲಿಂದ ಬರಬೇಕು? ಇಲ್ಲಿ ವೇಷಕ್ಕೆ ತೇಪೆ ಇದೆ. ಸ್ಪೀಕರು ಗೊರಗೊರ ಅನ್ನುತ್ತದೆ. ಆದರೆ ಬೆನ್ನುಮೂಳೆ ಅಲ್ಲಿಯದೂ ಒಂದೇ, ಇಲ್ಲಿಯದೂ ಒಂದೇ.

ನಮ್ಮ ಪಕ್ಕದ ಕುರ್ಚಿಯಲ್ಲಿ ಕಿರಾಣಿ ಅಂಗಡಿಯ ಸಾಹುಕಾರರೊಬ್ಬರು ಕೂತಿದ್ದರು. ಮೊದಲ ಅರ್ಧ ಗಂಟೆ ಕಡಲೇಕಾಯಿ ಬಿಡಿಸುತ್ತ, “ಒಂದು ಆನೆನಾದ್ರೂ ಇರಬೇಕಿತ್ತು ಕಣ್ರೀ” ಅನ್ನುತ್ತಲೇ ಇದ್ದರು. ಕೊನೆಯಲ್ಲಿ ಬಲೆ ಕಟ್ಟಿದರು. ಬ್ಯಾಂಡು ನಿಂತಿತು. ಸಾಹುಕಾರರ ಕೈಯೂ ನಿಂತಿತು.

“ಇಳಿಯೇ ನಮ್ಮವ್ವಾ!”

ಮೇಲೆ ಮೂವತ್ತು ನಲವತ್ತು ಅಡಿ ಎತ್ತರದಲ್ಲಿ ಆ ಹುಡುಗಿ ಕೈಗೆ ಬಿಳೀ ಪುಡಿ ಹಚ್ಚಿಕೊಂಡಳು. ಜೋಕಾಲಿ ಹಿಡಿದು ಬೀಸಿದಳು, ಕೈ ಬಿಟ್ಟಳು, ಗಾಳಿಯಲ್ಲಿ ಎರಡು ಪಲ್ಟಿ ಹೊಡೆದಳು. ಎದುರು ಜೋಕಾಲಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಆಸಾಮಿಯ ಬೆರಳಿಗೆ ಅವಳ ಬೆರಳು ತಾಕಿ ಜಾರಿತು. ಧಡ್ ಎಂದು ಬಲೆಗೆ ಬಿದ್ದಳು.

ಡೇರೆಗೆ ಡೇರೆಯೇ ಉಸಿರು ಕಟ್ಟಿ ಕೂತಿತು. ಹುಡುಗಿ ಎದ್ದಳು, ಕೈ ಮುಗಿದಳು, ಮತ್ತೆ ಹಗ್ಗದ ಏಣಿಯ ಕಡೆಗೆ ನಡೆದಳು. ಆಗ ಗ್ಯಾಲರಿಯಿಂದ ಅಜ್ಜಿಯೊಬ್ಬಳು ಗಟ್ಟಿಯಾಗಿ ಕೂಗಿದಳು: “ಸಾಕು ಇಳಿಯೇ ನಮ್ಮವ್ವಾ! ನಾವು ನೋಡಿದ್ವಿ, ಸಾಕು! ಮನೇಗ್ ಹೋಗು!”

ಯಾರೂ ನಗಲಿಲ್ಲ. ಹುಡುಗಿ ಅಜ್ಜಿಯ ದನಿ ಬಂದ ಕಡೆ ತಿರುಗಿ ಒಮ್ಮೆ ನೋಡಿದಳು, ಏಣಿ ಹತ್ತಿದಳು. ಎರಡನೇ ಸಲ ಅವನು ಹಿಡಿದ. ಆಮೇಲೆ ಬಿದ್ದ ಚಪ್ಪಾಳೆ ಇದೆಯಲ್ಲ, ಅದು ಆಟಕ್ಕೆ ಬಿದ್ದ ಚಪ್ಪಾಳೆಯಲ್ಲ. ನಮ್ಮ ಮನೆ ಮಗಳು ಉಳಿದಳು ಎಂದು ಬಿದ್ದದ್ದು. ಸಾಹುಕಾರರು ಆನೆಯ ಮಾತು ಮತ್ತೆ ಎತ್ತಲೇ ಇಲ್ಲ.

ಆಮೇಲೆ ನಮ್ಮ ಜೋಕರ್ ಮೇಲೇರಿದ. ಹೆದರಿ ನಡುಗಿದ, ಕೈ ತಪ್ಪಿದ, ಚಡ್ಡಿ ಜಾರಿಸಿಕೊಂಡ, ಮಕ್ಕಳು ಬಿದ್ದು ಬಿದ್ದು ನಕ್ಕವು. ಬೀಳುವ ನಾಟಕ ಆಡುವವನಿಗೆ ಬೀಳದೆ ಇರುವ ವಿದ್ಯೆ ಎಲ್ಲರಿಗಿಂತ ಚೆನ್ನಾಗಿ ಬರಬೇಕು. ಇದು ಸರ್ಕಸ್ಸಿನ ಗುಟ್ಟು.

ಹಿಡಿಯುವವನ ಕೈ

ಇನ್ನೊಂದು ಗುಟ್ಟೂ ಇದೆ. ನಾವೆಲ್ಲ ಹಾರುವವರನ್ನು ನೋಡುತ್ತೇವೆ, ಹಿಡಿಯುವವನನ್ನು ನೋಡುವುದಿಲ್ಲ. 1859ರಲ್ಲಿ ಪ್ಯಾರಿಸ್ಸಿನಲ್ಲಿ ಜೂಲ್ ಲಿಯೋಟಾರ್ ಎಂಬ ಯುವಕ ಈ ಹಾರಾಟ ಶುರು ಮಾಡಿದಾಗ ಹಿಡಿಯುವವನೇ ಇರಲಿಲ್ಲ. ಅವನು ಒಂದು ಜೋಕಾಲಿ ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದ. ಹಿಡಿಯುವವನು ಬಂದ ಮೇಲೆಯೇ ಪಲ್ಟಿಗಳು ಎರಡಾದವು, ಮೂರಾದವು. 1982ರಲ್ಲಿ ಅಮೆರಿಕದಲ್ಲಿ ಮಿಗೆಲ್ ವಾಸ್ಕೆಸ್ ಎಂಬಾತ ಪ್ರೇಕ್ಷಕರ ಎದುರು ಮೊಟ್ಟಮೊದಲ ಬಾರಿಗೆ ನಾಲ್ಕು ಪಲ್ಟಿ ಹೊಡೆದ. ಜಗತ್ತೆಲ್ಲ ಅವನ ಹೆಸರು ಹೇಳಿತು. ಅವತ್ತು ಅವನ ಕೈ ಹಿಡಿದವನು ಸಹೋದರ ಹುವಾನ್. ಆ ಹೆಸರು ಎಷ್ಟು ಜನಕ್ಕೆ ಗೊತ್ತು?

ಇದು ದೂರದ ದೇಶದ ವಿದ್ಯೆ ಎಂದು ತಿಳಿಯಬೇಡಿ. ವಿಷ್ಣುಪಂತ ಛತ್ರೆಯವರು ಗ್ರೇಟ್ ಇಂಡಿಯನ್ ಸರ್ಕಸ್ ಕಟ್ಟಿದ್ದು 1880ರಲ್ಲಿ. ಕೊಡಗಿನ ಘಟ್ಟ ಇಳಿದರೆ ಸಿಗುವ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಸರ್ಕಸ್ ತರಬೇತಿ ಶಾಲೆ ತೆರೆದರು. ಅಲ್ಲಿಂದ ಹೊರಟವರು ದೇಶದ ಡೇರೆಗಳನ್ನೆಲ್ಲ ತುಂಬಿದರು. 1951ರಲ್ಲಿ ಜೆಮಿನಿ ಸರ್ಕಸ್ ಶುರು ಮಾಡಿ 2023ರಲ್ಲಿ ತೀರಿಕೊಂಡ ಎಂ.ವಿ. ಶಂಕರನ್ ಕೂಡ ಆ ಸೀಮೆಯವರೇ.

ಹೀಗೆ ಒಬ್ಬರ ಪ್ರಾಣ ಇನ್ನೊಬ್ಬರ ಕೈಯಲ್ಲಿ. ಕೈ ತಪ್ಪಿದರೆ ಕೆಳಗೆ ಬಲೆ. ಆ ಬಲೆಯ ಗಂಟುಗಳನ್ನು ಆಟಕ್ಕೆ ಮುಂಚೆ ನಾಲ್ಕು ಜನ ಎಳೆದೆಳೆದು ನೋಡಿದ್ದನ್ನು ನಾವೇ ಕಂಡೆವು. ಭೇಷ್!

ನಮ್ಮನ್ನು ಹಿಡಿಯುವವರು ಯಾರು?

ಆಟ ಮುಗಿಯಿತು. ಹೊರಗೆ ಬರಬೇಕಲ್ಲ? ಅಷ್ಟು ದೊಡ್ಡ ಡೇರೆಗೆ ತೆರೆದಿದ್ದ ಬಾಗಿಲು ಒಂದೇ. ಅದರ ಬಾಯಿಗೇ ಸ್ಕೂಟರು, ಮೋಟಾರ್ ಸೈಕಲ್ಲುಗಳು. ಎರಡು ಮಾರು ಮುಂದೆ ಮೆಣಸಿನಕಾಯಿ ಬಜ್ಜಿಯ ಗಾಡಿ, ಉರಿಯುವ ಒಲೆ, ಪಕ್ಕದಲ್ಲೇ ಗ್ಯಾಸ್ ಸಿಲಿಂಡರು. ಮಕ್ಕಳನ್ನು ಹೆಗಲಿಗೇರಿಸಿಕೊಂಡು ಇಂಚು ಇಂಚಾಗಿ ಸರಿದು ಬಯಲಿಗೆ ಬರುವಷ್ಟರಲ್ಲಿ ಹನ್ನೆರಡು ನಿಮಿಷ!

ಹಿರಿಯರು ಮರೆತಿರಲಾರರು. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಬೆಂಕಿ, ನೂಕುನುಗ್ಗಲು ಎರಡೂ ಸೇರಿ 92 ಜೀವಗಳು ಹೋದವು. ಹೆಚ್ಚಿನವು ಮಕ್ಕಳು. ಅದಕ್ಕೂ ಮುಂಚೆ, 1944ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಸರ್ಕಸ್ ಡೇರೆ ಹತ್ತಿ ಉರಿದು 160ಕ್ಕೂ ಹೆಚ್ಚು ಜನ ಸತ್ತರು. ಮಳೆ ನೀರು ಇಳಿಯದಿರಲಿ ಎಂದು ಆ ಬಟ್ಟೆಗೆ ಮೇಣವನ್ನು ಪೆಟ್ರೋಲಿನಲ್ಲಿ ಕರಗಿಸಿ ಬಳಿದಿದ್ದರು. ಪ್ರಾಣಿಗಳನ್ನು ಸಾಗಿಸುವ ಕಬ್ಬಿಣದ ಪಂಜರದ ಓಣಿ ಜನ ಹೊರಗೋಡುವ ದಾರಿಗೆ ಅಡ್ಡವಾಗಿತ್ತು.

ಸರ್ಕಸ್ಸನ್ನೇ ಊರಿಂದ ಓಡಿಸಿ ಎಂದು ನಾವು ಹೇಳುತ್ತಿಲ್ಲ. ಹಾಗೆ ಮಾಡಿದರೆ ಎರಡು ಹೊತ್ತಿನ ಅನ್ನಕ್ಕಾಗಿ ಮೇಲೇರುವ ಆ ಹುಡುಗಿಯ ಹೊಟ್ಟೆಗೆ ಹೊಡೆದಂತೆ. ನಾವು ಕೇಳುವುದು ಬಹಳವಲ್ಲ. ಡೇರೆಯ ನಾಲ್ಕು ದಿಕ್ಕಿಗೂ ಬಾಗಿಲು ತೆರೆದಿರಲಿ. ಕತ್ತಲಲ್ಲೂ ಕಾಣುವಂತೆ ಅವುಗಳ ಮೇಲೆ ದೀಪ ಇರಲಿ. ಅಗ್ನಿಶಾಮಕದ ಗಾಡಿ ಡೇರೆಯ ತನಕ ಬರುವಷ್ಟು ದಾರಿ ಖಾಲಿ ಇರಲಿ. ನಗರಸಭೆಯವರು ನೆಲಬಾಡಿಗೆ ವಸೂಲಿಗೆ ಬರುವಾಗ ಇಷ್ಟನ್ನೂ ಒಮ್ಮೆ ಕಣ್ಣಾರೆ ನೋಡಿ ಹೋಗಲಿ. ಗಾಡಿ ವ್ಯಾಪಾರದ ಸ್ನೇಹಿತರಿಗೂ ಒಂದು ಮಾತು: ನಿಮ್ಮ ಬಜ್ಜಿ ನಮಗೂ ಬೇಕು. ಒಲೆಯನ್ನು ಐವತ್ತು ಹೆಜ್ಜೆ ಆಚೆ ಹೂಡಿದರೆ ಗಿರಾಕಿ ಕೈ ತಪ್ಪುವುದಿಲ್ಲ, ಅಲ್ಲಿಗೇ ಬರುತ್ತಾನೆ.

ಮುಂದಿನ ಭಾನುವಾರದ ಜನಜಂಗುಳಿಗೆ ಮುಂಚೆ ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳುವರೇ?

ಓದುಗರೇ, ನೀವಂತೂ ಹೋಗಿ ನೋಡಿ, ಮನೆಮಂದಿಯನ್ನೂ ಕರೆದುಕೊಂಡು ಹೋಗಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕುರ್ಚಿಯಲ್ಲಿ ಕೂತ ಕೂಡಲೇ ಬಾಗಿಲು ಎಲ್ಲಿದೆ ಅಂತ ಒಮ್ಮೆ ಸುತ್ತ ನೋಡಿಕೊಳ್ಳಿ. ಆಮೇಲೆ ನಿಶ್ಚಿಂತೆಯಾಗಿ ತಲೆ ಎತ್ತಿ. ಹಾರುವವಳಿಗೆ ಒಂದು ಚಪ್ಪಾಳೆ, ಹಿಡಿಯುವವನಿಗೆ ಎರಡು!