ನಲವತ್ತು ಮನೆ, ನಾಲ್ಕೇ ಹೆಗಲು

ಖ್ವಾಜಾ ಬಂದೇ ನವಾಝರ ಉರೂಸಿಗೆಂದು ಕಲಬುರಗಿಗೆ ಹೋಗಿದ್ದ ನಾವು ಎರಡು ದಿನ ಖೂಬಾ ಪ್ಲಾಟ್‌ನಲ್ಲಿ ಪರಿಚಯದವರ ಮನೆಯಲ್ಲಿ ಉಳಿದಿದ್ದೆವು. ಕರಾವಳಿಯ ನಮಗೆ ಅಲ್ಲಿಯ ಬಿಸಿಲು ಹೊಸತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಆ ಊರಿಗೆ ಮಾಮೂಲಿ. ಸಂಜೆ ಬಿಸಿಲು ಇಳಿದ ಮೇಲೆ ಮನೆ ಮುಂದೆ ಕುರ್ಚಿ ಹಾಕಿ ಕೂತಿದ್ದಾಗ ಎದುರು ಮನೆಯ ನಿವೃತ್ತ ಮಾಸ್ತರರೂ ಬಂದು ಸೇರಿಕೊಂಡರು. ಮಾತು ನೀರಿನಿಂದ ಚರಂಡಿಗೆ, ಚರಂಡಿಯಿಂದ ಬಡಾವಣೆಗಳ ನಿವಾಸಿ ಸಂಘಗಳಿಗೆ ಬಂತು.

"ಮೀಟಿಂಗಿಗಿ ಮಂದಿ ಬರ್ತಾರ ಮೌಲ್ವಿ ಸಾಹೇಬ್ರ, ಕೆಲಸಕ್ಕ ಯಾರೂ ಬರಂಗಿಲ್ಲ. ಎಲ್ಲಾ ಕಡಿ ಇದೇ ಕಥಿ" ಎಂದರು ಮಾಸ್ತರರು.

ನಾವು ನಕ್ಕೆವು. ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಮ್ಮದೇ ಓಣಿಯ ನೆನಪಾಯಿತು.

ನಮ್ಮದು ಸುಮಾರು ನಲವತ್ತು ಮನೆಗಳ ಓಣಿ. ಬ್ಯಾರಿಗಳಿದ್ದೇವೆ, ಬಿಲ್ಲವರಿದ್ದಾರೆ, ಕ್ರೈಸ್ತರ ಮನೆಗಳೂ ಇವೆ. ಸಂಘ ಅಂತ ಒಂದು ಇತ್ತು. ಅದನ್ನು ನಡೆಸುತ್ತಿದ್ದವರು ನಾಲ್ಕೇ ಮಂದಿ, ಅದರಲ್ಲೂ ಒಬ್ಬರೇ ಕಾರ್ಯದರ್ಶಿ. ಬೋರ್‌ವೆಲ್ ಶೆಡ್ಡಿನ ಬೀಗದ ಕೈ ಅವರ ಜೇಬಿನಲ್ಲಿ, ಪ್ಲಂಬರಿನ ನಂಬರ್ ಅವರ ಮೊಬೈಲಿನಲ್ಲಿ, ಲೆಕ್ಕದ ಪುಸ್ತಕ ಅವರ ಕಪಾಟಿನಲ್ಲಿ. ನಾವೆಲ್ಲ ವರ್ಷಕ್ಕೊಮ್ಮೆ ಸಭೆಗೆ ಹೋಗಿ, ಚಾ ಕುಡಿದು, "ಅವರೇ ಮುಂದುವರಿಯಲಿ" ಎಂದು ಕೈ ಎತ್ತಿ ಬರುತ್ತಿದ್ದೆವು.

ಒಂದು ವರ್ಷ ಮೇ ತಿಂಗಳಲ್ಲಿ ಅವರು ಮಗಳ ಬಾಣಂತನಕ್ಕೆಂದು ಹೆಂಡತಿ ಸಮೇತ ಗಲ್ಫಿಗೆ ಹೋದರು. ಮಳೆಗಾಲದ ಮೊದಲು ಚರಂಡಿಯ ಹೂಳು ತೆಗೆಸಬೇಕೆಂದು ಯಾರಿಗೂ ನೆನಪಾಗಲಿಲ್ಲ. ಜೂನಿನ ಮೊದಲ ದೊಡ್ಡ ಮಳೆಗೆ ಓಣಿಯ ತಗ್ಗಿನಲ್ಲಿ ಒಬ್ಬರೇ ಇರುವ ವಯಸ್ಸಾದ ತಾಯಿಯ ಮನೆಗೆ ನೀರು ನುಗ್ಗಿತು. ಹಾಸಿಗೆ, ಅಕ್ಕಿ ಎಲ್ಲ ನೆನೆಯಿತು. ಓಣಿಯವರೆಲ್ಲ ಸೇರಿ ಕಾರ್ಯದರ್ಶಿಯನ್ನು ಬೈದೆವು, ನಾವೂ ಬೈದೆವು. ಆ ತಾಯಿ ಮಾತ್ರ ಹೇಳಿದ್ದು ಬೇರೆ: "ಇಷ್ಟು ವರ್ಷ ಅವರೊಬ್ಬರೇ ಮಾಡಿಸ್ತಾ ಇದ್ದದ್ದು ಅಂತ ನನಗೆ ಗೊತ್ತೇ ಇರ್ಲಿಲ್ಲ."

ನಮಗೂ ಗೊತ್ತಿರಲಿಲ್ಲ. ನಾವು ಕೇಳಿರಲೂ ಇಲ್ಲ.

ಹಾಗಂತ ನಮಗೆ ಸಂಘಟನೆ ಗೊತ್ತಿಲ್ಲವೇ? ಮೀಲಾದ್ ಬಂದರೆ ಜಮಾಅತಿನಲ್ಲಿ ಪೆಂಡಾಲಿಗೆ ಇಷ್ಟು ಮಂದಿ, ಅಡುಗೆಗೆ ಇಷ್ಟು, ಬಡಿಸಲಿಕ್ಕೆ ಇಷ್ಟು ಎಂದು ವಾರ ಮೊದಲೇ ಪಟ್ಟಿ ಆಗ್ತದೆ. ಹೆಸರು ಬರೆದುಕೊಂಡ ಹುಡುಗ ಬಾರದೆ ಇರುವುದಿಲ್ಲ. ಯಾಕೆಂದರೆ ಅವನ ಕೆಲಸ ಯಾವುದು, ಅದು ಎಷ್ಟು ಹೊತ್ತಿಗೆ ಮುಗೀತದೆ ಎಂಬುದು ಅವನಿಗೆ ಗೊತ್ತು. ಬಡಾವಣೆಯ ಸಂಘದಲ್ಲಿ ನಾವು ಹಾಗೆ ಕೇಳುವುದಿಲ್ಲ. "ಯಾರಾದರೂ ಮುಂದೆ ಬನ್ನಿ" ಎನ್ನುತ್ತೇವೆ. ಆ "ಯಾರಾದರೂ" ಎಂಬವರು ಯಾವ ಓಣಿಯಲ್ಲೂ ವಾಸ ಇಲ್ಲ.

ಜನ ಹೆದರುವುದು ಕೆಲಸಕ್ಕಲ್ಲ, ಕೊನೆಯಿಲ್ಲದ ಕೆಲಸಕ್ಕೆ. "ಕಮಿಟಿಗೆ ಸೇರಿ" ಎಂದರೆ ಹಿಂದೆ ಸರಿಯುವವರೇ "ಮೇ ತಿಂಗಳ ಎರಡು ಶನಿವಾರ ಚರಂಡಿ ಕೆಲಸದ ಹತ್ತಿರ ನಿಲ್ಲುತ್ತೀರಾ?" ಎಂದು ಮನೆ ಬಾಗಿಲಲ್ಲಿ ಕೇಳಿದರೆ ಒಪ್ಪುತ್ತಾರೆ. ಒಂದು ಕೆಲಸ, ಅದಕ್ಕೆ ಒಬ್ಬರ ಹೆಸರು, ಮುಗಿಯುವ ತಾರೀಕು, ಅವರಿಲ್ಲದಾಗ ನೋಡಿಕೊಳ್ಳಲು ಇನ್ನೊಬ್ಬರು. ಇಷ್ಟಿದ್ದರೆ ಬೀಗದ ಕೈ ಒಬ್ಬರ ಜೇಬಿನಲ್ಲೇ ಉಳಿಯುವುದಿಲ್ಲ.

ಇದಕ್ಕೆ ವರ್ಷದ ಲೆಕ್ಕಾಚಾರ ಬೇಕು. ಕಲಬುರಗಿಯಂಥ ಊರಿನಲ್ಲಿ ಫೆಬ್ರವರಿಯಲ್ಲೇ ನೀರಿನ ಟಾಂಕಿ ತೊಳೆಸಿ, ಸೋರುವ ಪೈಪು ಸರಿಮಾಡಿಸಬೇಕು. ರಸ್ತೆ ಬದಿಯ ಸಸಿಗಳಿಗೆ ಮಾರ್ಚ್‌ನಿಂದ ಮೇವರೆಗೆ ಯಾವ ಮನೆಯವರು ಯಾವ ದಿನ ನೀರು ಹಾಕುವುದೆಂದು ಬರೆದಿಡಬೇಕು. ನಮ್ಮ ಕರಾವಳಿಯಲ್ಲಿ ಮೇ ಮುಗಿಯುವುದರೊಳಗೆ ಚರಂಡಿ ಸ್ವಚ್ಛ ಆಗಬೇಕು. ಎರಡೂ ಕಡೆ ಏಪ್ರಿಲ್ ಒಳಗೆ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ. 5 ರಿಯಾಯಿತಿ ಇದೆ. ಅರ್ಜಿ ತುಂಬಲು ಕಷ್ಟಪಡುವ ಹಿರಿಯರಿಗೆ ಕಾಲೇಜು ಮಕ್ಕಳು ಒಂದು ಭಾನುವಾರ ಕೂತು ಸಹಾಯ ಮಾಡಬಹುದು. ಪಾಲಿಕೆಯ ಬಜೆಟ್ ಆಗುವುದು ಆರ್ಥಿಕ ವರ್ಷ ಮುಗಿಯುವ ಮೊದಲು. ಹಾಗಾಗಿ ನಮ್ಮ ರಸ್ತೆ, ದೀಪದ ಬೇಡಿಕೆಯ ಪಟ್ಟಿ ಡಿಸೆಂಬರಿನೊಳಗೆ ಕೊಟ್ಟಿರಬೇಕು. ಏಪ್ರಿಲಿನಲ್ಲಿ ಮನವಿ ಹಿಡಿದುಕೊಂಡು ಹೋದರೆ "ಮುಂದಿನ ವರ್ಷ ನೋಡೋಣ" ಎಂಬ ಉತ್ತರ ಸಿಗ್ತದೆ, ಅಷ್ಟೇ.

ಕಾನೂನೂ ನಮಗೆ ಬಾಗಿಲು ತೆರೆದಿಟ್ಟಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ 18 ವರ್ಷ ದಾಟಿದ 7 ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು. ಆ ಮೇಲೆ ವರ್ಷಕ್ಕೊಮ್ಮೆ ಮಹಾಸಭೆ ನಡೆಸಬೇಕು, ಲೆಕ್ಕಪತ್ರ ಒಪ್ಪಿಸಬೇಕು. ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎನ್ನುತ್ತದೆ. 2011ರ ಜನಗಣತಿಯಲ್ಲೇ ಕಲಬುರಗಿ 5 ಲಕ್ಷ ದಾಟಿತ್ತು. ಅಲ್ಲಿಯ ಪಾಲಿಕೆಗೆ 55 ವಾರ್ಡ್. ನಮ್ಮ ರಾಜ್ಯದ ಪಾಲಿಕೆ ಕಾಯ್ದೆಯ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷತೆಯ ವಾರ್ಡ್ ಸಮಿತಿಗೆ ನೇಮಕವಾಗುವ 10 ಸದಸ್ಯರಲ್ಲಿ ಕನಿಷ್ಠ 3 ಮಂದಿ ಮಹಿಳೆಯರು, 2 ಮಂದಿ ಪರಿಶಿಷ್ಟ ಜಾತಿ, ಪಂಗಡದವರು, 2 ಮಂದಿ ನಿವಾಸಿ ಸಂಘಗಳ ಪ್ರತಿನಿಧಿಗಳಿರಬೇಕು. ಮಂಗಳೂರಿನಲ್ಲಿ ಈ ಸಮಿತಿಗಳು ಆದದ್ದು ನಾಗರಿಕರು ಹೈಕೋರ್ಟಿನವರೆಗೆ ಹೋದ ಮೇಲೆ. ಆದರೆ ಓಣಿಯ ಸಂಘವೇ ಸತ್ತುಹೋಗಿದ್ದರೆ ಆ ಕುರ್ಚಿಯಲ್ಲಿ ನಮ್ಮ ಪರವಾಗಿ ಕೂರುವುದು ಯಾರು?

ಇನ್ನೊಂದು ಮಾತು. ಸಂಘ ಎಂದರೆ ಮನೆ ಮಾಲೀಕರದ್ದು ಮಾತ್ರ ಎಂದು ನಾವು ತಿಳಿದುಕೊಂಡಿದ್ದೇವೆ. ಬಾಡಿಗೆಗೆ ಇರುವವರೂ ಅದೇ ನೀರು ಕುಡಿಯುತ್ತಾರೆ, ಅದೇ ಚರಂಡಿ ದಾಟುತ್ತಾರೆ. ಅವರು ಒಂದೇ ವರ್ಷ ಇರುವವರಾದರೆ ಒಂದು ತಿಂಗಳ ಕೆಲಸ ಕೊಡಿ. ಹೆಂಗಸರು ಬರುವುದಿಲ್ಲ ಎಂದು ದೂರುವವರು ಸಭೆಯನ್ನು ಅಡುಗೆಯ ಹೊತ್ತಿಗೇ ಇಡುತ್ತಾರೆ. ಹಸಿ ಕಸ, ಒಣ ಕಸ ಬೇರೆ ಮಾಡುವವರು ಯಾರು, ನೀರು ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತು ಇತ್ತು ಎಂದು ಬಲ್ಲವರು ಯಾರು? ಅವರನ್ನು ಬಿಟ್ಟು ಯೋಜನೆ ಹಾಕಿದರೆ ಅದು ಕಾಗದದಲ್ಲೇ ಉಳೀತದೆ. ವಂತಿಗೆ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂಬುದನ್ನು ಪ್ರತಿ ತಿಂಗಳು ಎಲ್ಲರೂ ನೋಡುವ ಕಡೆ ಅಂಟಿಸಿ. ಅರ್ಧ ಜಗಳ ಅಲ್ಲಿಗೇ ಮುಗೀತದೆ.

ಖೂಬಾ ಪ್ಲಾಟ್‌ನ ಆ ಸಂಜೆ ನಾವು ಮಾಸ್ತರರಿಗೆ ನಮ್ಮ ಓಣಿಯ ಕಥೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಂಗಾದ್ರ ನೀವು ಊರಿಗಿ ಹೋಗಿ ಏನ್ ಮಾಡ್ತೀರಿ?" ಆಗ ನಮ್ಮ ಬಳಿ ಉತ್ತರ ಇರಲಿಲ್ಲ.

ಊರಿಗೆ ಬಂದ ಮೇಲೆ ಒಂದು ಕಾಗದದಲ್ಲಿ ವರ್ಷದ ಕೆಲಸಗಳನ್ನು ಬರೆದು, ಎದುರಿಗೆ ಹೆಸರಿನ ಜಾಗ ಖಾಲಿ ಬಿಟ್ಟು ಮನೆ ಮನೆಗೆ ಹೋದೆವು. ಮೊದಲು ಹೋದದ್ದು ಹಳೆಯ ಕಾರ್ಯದರ್ಶಿಯ ಮನೆಗೆ, ಮಾಫಿ ಕೇಳಲು. ಅವರು ಏನೂ ಹೇಳದೆ ಒಳಗೆ ಹೋಗಿ ಬೀಗದ ಕೈಯ ಗೊಂಚಲು ತಂದು ಮೇಜಿನ ಮೇಲಿಟ್ಟರು. "ಇದರ ನಕಲು ಮಾಡಿಸಿ, ಇಬ್ಬರ ಹತ್ತಿರ ಇರ್ಲಿ" ಎಂದರು. ಓಣಿ ಸುತ್ತಿ ಬರುವಾಗ ಕಾಗದದಲ್ಲಿ ಹದಿನಾರು ಹೆಸರುಗಳಿದ್ದವು. ತಗ್ಗಿನ ಮನೆಯ ಆ ತಾಯಿಯೂ ಒಂದು ಕೆಲಸ ಕೇಳಿ ಪಡೆದರು. ನೀರು ಬಿಡುವ ಹೊತ್ತು ಬರೆದಿಡುವುದು ಈಗ ಅವರದ್ದು. ಮೇ ತಿಂಗಳ ಚರಂಡಿಯ ಎದುರಿಗೆ ಇರುವುದು ನಮ್ಮ ಹೆಸರು.

ನಿಮ್ಮ ಓಣಿಯಲ್ಲೂ ಒಬ್ಬರು ಹೇಳದೆ ದುಡಿಯುತ್ತಿರಬಹುದು. ಅವರು ಊರು ಬಿಡುವ ಮೊದಲೇ ಒಮ್ಮೆ ಹೋಗಿ, ಬೀಗದ ಕೈ ಎಲ್ಲಿದೆ ಅಂತ ಕೇಳಿ ಬನ್ನಿ.