ಅಂಕಿ ಬದಲಾದರೆ ಮನೆ ಬದಲಾದೀತು

ಬಾಡಿಗೆ ಮನೆಯಲ್ಲಿ ಸಂಸಾರ ಮಾಡಿದವರಿಗೆಲ್ಲ ತಿಂಗಳ ಮೊದಲ ವಾರದ ಬಿಸಿ ಗೊತ್ತು. ಸಂಬಳ ಕೈಸೇರಿದ ಕೂಡಲೇ ಬಾಡಿಗೆಯ ಹಣವನ್ನು ಎತ್ತಿಡಬೇಕು. ದಿನಸಿ, ಹಾಲು, ಮಕ್ಕಳ ಫೀಸು ಎಲ್ಲವೂ ಉಳಿದದ್ದರಲ್ಲೇ ಆಗಬೇಕು. ಸಿರಿವಂತ ದೇಶವೆಂದು ಹೆಸರಾದ ಅಮೆರಿಕದಲ್ಲೂ ಲಕ್ಷಾಂತರ ಕುಟುಂಬಗಳ ಪಾಡು ಇದೇ. ಆದರೆ ಅಲ್ಲಿ ಕಡಿಮೆ ಆದಾಯದ ಕುಟುಂಬಗಳ ಬಾಡಿಗೆಯಲ್ಲಿ ಒಂದು ಪಾಲನ್ನು ಸರ್ಕಾರದ ಹಣದಿಂದ ನೇರವಾಗಿ ಮನೆ ಮಾಲೀಕನಿಗೆ ಕೊಡುವ ಪದ್ಧತಿ ಅರ್ಧ ಶತಮಾನದಿಂದ ನಡೆದುಬಂದಿದೆ. ಇದಕ್ಕೆ ಬಳಸುವ ಅನುಮತಿ ಪತ್ರಕ್ಕೆ ‘ವೋಚರ್’ ಎಂದು ಹೆಸರು. ಸುಮಾರು 23 ಲಕ್ಷ ಕುಟುಂಬಗಳು ಈ ವೋಚರಿನ ಆಸರೆಯಲ್ಲಿ ಬದುಕುತ್ತಿವೆ.

ಹಣ ಬರುವುದು ವಾಷಿಂಗ್ಟನ್ನಿನಿಂದ. ಆದರೆ ಯಾರಿಗೆ ಮೊದಲು, ಎಷ್ಟರವರೆಗೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆಯಾ ಊರಿನ ಅಥವಾ ಜಿಲ್ಲೆಯ ವಸತಿ ಪ್ರಾಧಿಕಾರ. ವೋಚರ್ ಹಂಚುವ ಇಂಥ ಪ್ರಾಧಿಕಾರಗಳು ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚಿವೆ. ಪ್ರತಿಯೊಂದಕ್ಕೂ ಅದರದೇ ನಿಯಮ ಪುಸ್ತಕವಿದೆ. ಅದನ್ನು ಕಾಲಕಾಲಕ್ಕೆ ತಿದ್ದಲಾಗುತ್ತದೆ. ಕಡತ, ಕೋಷ್ಟಕ, ಸಭೆಯ ನಡವಳಿ ಎಂದು ಮೇಲ್ನೋಟಕ್ಕೆ ಇದು ಸಪ್ಪೆ ಕೆಲಸ. ಆದರೆ ಅಲ್ಲಿ ಸರ್ಕಾರಿ ಶಾಲೆಯ ಪ್ರವೇಶ ಸಾಮಾನ್ಯವಾಗಿ ಮನೆಯ ವಿಳಾಸವನ್ನು ಅವಲಂಬಿಸಿರುತ್ತದೆ. ಹಾಗಾಗಿ ಕೋಷ್ಟಕದ ಒಂದು ಅಂಕಿ ಅತ್ತಿತ್ತ ಸರಿದರೆ, ಒಂದು ಮಗು ಯಾವ ಶಾಲೆಯ ಬೆಂಚಿನಲ್ಲಿ ಕೂರುತ್ತದೆ ಎಂಬುದೂ ಬದಲಾಗಬಹುದು. ಅದು ಹೇಗೆ ಎಂಬುದನ್ನು ನೋಡೋಣ.

ಕಟ್ಟಡದಿಂದ ಬಾಡಿಗೆಗೆ

ಈ ವ್ಯವಸ್ಥೆಯ ಬೇರು 1937ರ ವಸತಿ ಕಾಯ್ದೆಯಲ್ಲಿದೆ. ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರ ಊರೂರಿನ ಪ್ರಾಧಿಕಾರಗಳಿಗೆ ಹಣ ಕೊಟ್ಟು ಬಡವರಿಗಾಗಿ ಮನೆಗಳನ್ನು ಕಟ್ಟಿಸಲು ಆರಂಭಿಸಿತು. ಮುಂದೆ ದೊಡ್ಡ ನಗರಗಳಲ್ಲಿ ಗಗನಚುಂಬಿ ಸಮುಚ್ಚಯಗಳೇ ಎದ್ದವು. ಬಡವರನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದಂತಾಯಿತು. ದುರಸ್ತಿಗೆ ಹಣವಿಲ್ಲದೆ ಹಲವು ಸಮುಚ್ಚಯಗಳು ಹಾಳುಬಿದ್ದವು. ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದಲ್ಲಿ ಎದ್ದು ನಿಂತಿದ್ದ ‘ಪ್ರುಯಿಟ್-ಐಗೊ’ ಎಂಬ ಸಮುಚ್ಚಯದಲ್ಲಿ 11 ಅಂತಸ್ತಿನ 33 ಕಟ್ಟಡಗಳಿದ್ದವು. ಎರಡು ದಶಕ ತುಂಬುವ ಮೊದಲೇ, 1972ರಲ್ಲಿ, ಸಿಡಿಮದ್ದು ಇಟ್ಟು ಅವನ್ನು ಕೆಡವಲು ಶುರು ಮಾಡಬೇಕಾಯಿತು.

ಇನ್ನೊಂದು ದೋಷ ವರ್ಣಭೇದದ್ದು. ಷಿಕಾಗೋದಲ್ಲಿ ಕಪ್ಪು ಜನರ ಕೇರಿಗಳಲ್ಲೇ ಸರ್ಕಾರಿ ಮನೆ ಕಟ್ಟಿ ಅವರನ್ನು ಅಲ್ಲೇ ಉಳಿಸಲಾಗುತ್ತಿದೆ ಎಂದು ಡೊರೊತಿ ಗೊಟ್ರೊ ಎಂಬ ಬಾಡಿಗೆದಾರ ಮಹಿಳೆ ಮತ್ತು ಸಂಗಡಿಗರು 1966ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1976ರಲ್ಲಿ ಸುಪ್ರೀಂ ಕೋರ್ಟು, ಪರಿಹಾರವನ್ನು ನಗರದ ಗಡಿಯಾಚೆಯ ಬಡಾವಣೆಗಳಿಗೂ ವಿಸ್ತರಿಸಬಹುದು ಎಂದಿತು. ಆ ಬಳಿಕ ಸಾವಿರಾರು ಕುಟುಂಬಗಳು ಬಾಡಿಗೆ ನೆರವು ಪಡೆದು ಬೇರೆ ಬಡಾವಣೆಗಳಿಗೆ ಹೋದವು.

ಅಷ್ಟರಲ್ಲಿ ಕಾಯ್ದೆಯೂ ಬದಲಾಗಿತ್ತು. 1974ರಲ್ಲಿ ‘ಸೆಕ್ಷನ್ 8’ ಬಂದಿತ್ತು. ಸರ್ಕಾರವೇ ಮನೆ ಕಟ್ಟುವ ಬದಲು, ಖಾಸಗಿ ಮಾಲೀಕರ ಮನೆಯಲ್ಲಿ ಇರುವವರಿಗೆ ಬಾಡಿಗೆಯಲ್ಲಿ ನೆರವು ಕೊಡುವುದು ಅದರ ಒಂದು ಮುಖ್ಯ ದಾರಿಯಾಯಿತು. 1998ರ ಇನ್ನೊಂದು ಕಾಯ್ದೆ ಅದಕ್ಕೆ ಇಂದಿನ ವೋಚರಿನ ರೂಪ ಕೊಟ್ಟಿತು.

ನೂರು ಮಕ್ಕಳ ಸಾಲು

ನೆರವಿನ ಲೆಕ್ಕಕ್ಕೆ ಮೂರು ಅಂಕಿಗಳು ಸಾಕು.

ಮೊದಲನೆಯದು ಕುಟುಂಬದ ಪಾಲು. ಸೆನೆಟರ್ ಎಡ್ವರ್ಡ್ ಬ್ರೂಕ್ ಅವರ ಪ್ರಯತ್ನದಿಂದ 1969ರಲ್ಲಿ, ಸರ್ಕಾರಿ ಮನೆಗಳ ಬಾಡಿಗೆ ಆದಾಯದ ಶೇಕಡಾ 25 ಮೀರಬಾರದು ಎಂಬ ನಿಯಮ ಬಂತು. 1981ರಲ್ಲಿ ಅದನ್ನು ಶೇಕಡಾ 30ಕ್ಕೆ ಏರಿಸಲಾಯಿತು. ವೋಚರಿಗೂ ಈಗ ಇದೇ ಅಳತೆ. ಆದರೆ ಪೂರ್ತಿ ಆದಾಯಕ್ಕೆ ಈ ಲೆಕ್ಕ ಹಾಕುವುದಿಲ್ಲ. ಪ್ರತಿ ಮಗುವಿಗೆ ಇಂತಿಷ್ಟು ಎಂದು, ತಾಯಿ ದುಡಿಯಲು ಹೋದಾಗ ಮಗುವನ್ನು ನೋಡಿಕೊಳ್ಳುವ ಖರ್ಚು ಎಂದು ಕೆಲವು ಮೊತ್ತಗಳನ್ನು ಕಳೆಯುತ್ತಾರೆ. 18 ತುಂಬದ ಮಕ್ಕಳ ದುಡಿಮೆಯನ್ನು ಆದಾಯಕ್ಕೆ ಸೇರಿಸುವುದೇ ಇಲ್ಲ. ಪೂರ್ಣಾವಧಿ ಓದುತ್ತಿರುವ ಮಗನೋ ಮಗಳೋ ಸಂಜೆ ದುಡಿದು ತಂದ ಹಣದಲ್ಲೂ ಒಂದು ಚಿಕ್ಕ ಮೊತ್ತ ಮಾತ್ರ ಲೆಕ್ಕಕ್ಕೆ ಬರುತ್ತದೆ. ಓದುವ ಮಗುವಿನ ಗಳಿಕೆಯಿಂದ ಮನೆಯ ಬಾಡಿಗೆ ಏರಿಬಿಟ್ಟರೆ ಓದಿಗೇ ಕುತ್ತು ಬಂದೀತೆಂಬ ಎಚ್ಚರ ಇಲ್ಲಿದೆ.

ಎರಡನೆಯದು ‘ನ್ಯಾಯಯುತ ಮಾರುಕಟ್ಟೆ ಬಾಡಿಗೆ’. ಇದನ್ನು ಕೇಂದ್ರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ಪ್ರತಿ ವರ್ಷ ಪ್ರಕಟಿಸುತ್ತದೆ. ಅಕ್ಟೋಬರ್ 1ರಿಂದ ಜಾರಿಗೆ ಬರುತ್ತದೆ. ಶಾಲೆಯ ಬಯಲಿನಲ್ಲಿ ನೂರು ಮಕ್ಕಳನ್ನು ಗಿಡ್ಡನೆಯವರಿಂದ ಹಿಡಿದು ಎತ್ತರದವರವರೆಗೆ ಸಾಲಾಗಿ ನಿಲ್ಲಿಸಿ, 40ನೆಯ ಮಗುವಿನ ಎತ್ತರವನ್ನು ಅಳೆದಿರಿ ಎನ್ನಿ. ಹಾಗೆಯೇ ಒಂದು ಪ್ರದೇಶದಲ್ಲಿ ಇತ್ತೀಚೆಗೆ ಬಾಡಿಗೆಗೆ ಹೋದ, ತಕ್ಕಮಟ್ಟಿಗೆ ಸುಸ್ಥಿತಿಯ ಮನೆಗಳ ಬಾಡಿಗೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ, ನೂರರಲ್ಲಿ 40ನೆಯ ಸ್ಥಾನದಲ್ಲಿ ಸಿಗುವ ಬಾಡಿಗೆಯೇ ಈ ಅಂಕಿ. ವಿದ್ಯುತ್ತು, ನೀರು, ಅನಿಲಗಳ ಖರ್ಚೂ ಅದರಲ್ಲಿ ಸೇರಿರುತ್ತದೆ.

ಮೂರನೆಯದೇ ಪ್ರಾಧಿಕಾರದ ಕೈಯಲ್ಲಿರುವ ಬೀಗದ ಕೈ. ಅದರ ಹೆಸರು ಪಾವತಿ ಮಿತಿ. ಎರಡನೆಯ ಅಂಕಿಯ ಶೇಕಡಾ 90ರಿಂದ 110ರೊಳಗೆ ಎಲ್ಲಿ ಬೇಕಾದರೂ ಈ ಮಿತಿಯನ್ನು ಪ್ರಾಧಿಕಾರವೇ ಗೊತ್ತುಮಾಡಬಹುದು.

ಒಂದೇ ಮನೆ, ಮೂರು ಉತ್ತರ

ಲೆಕ್ಕ ಮಾಡಿ ನೋಡೋಣ. ಒಬ್ಬ ತಾಯಿ, ಇಬ್ಬರು ಮಕ್ಕಳು; ಕಳೆಯಬೇಕಾದ್ದನ್ನು ಕಳೆದ ಮೇಲೆ ತಿಂಗಳ ಆದಾಯ 1,500 ಡಾಲರ್ ಎಂದಿಟ್ಟುಕೊಳ್ಳಿ. ಶೇಕಡಾ 30 ಎಂದರೆ 450 ಡಾಲರ್. ಆ ಊರಿನ ನ್ಯಾಯಯುತ ಬಾಡಿಗೆ 1,400. ಒಳ್ಳೆಯ ಶಾಲೆಯ ಸಮೀಪ ಅವಳಿಗೆ ಸಿಕ್ಕಿರುವ ಮನೆಗೆ ಎಲ್ಲ ಸೇರಿ 1,500.

ಪಾವತಿ ಮಿತಿ ಶೇಕಡಾ 100, ಅಂದರೆ 1,400 ಇದ್ದರೆ, ಪ್ರಾಧಿಕಾರ ಕೊಡುವುದು 1,400ರಿಂದ 450 ಕಳೆದು 950. ಉಳಿದ 550 ತಾಯಿಯದು. ಕಷ್ಟ, ಆದರೂ ಸಾಧ್ಯ.

ಮಿತಿ ಶೇಕಡಾ 110, ಅಂದರೆ 1,540 ಇದ್ದರೆ, ಮನೆಯ ಬಾಡಿಗೆ ಮಿತಿಯೊಳಗೇ ಬಂತು. ಪ್ರಾಧಿಕಾರ 1,050 ಕೊಡುತ್ತದೆ. ತಾಯಿ 450 ಕೊಟ್ಟರೆ ಸಾಕು.

ಮಿತಿ ಶೇಕಡಾ 90, ಅಂದರೆ 1,260 ಇದ್ದರೆ? ಪ್ರಾಧಿಕಾರದಿಂದ 810, ತಾಯಿಯ ಪಾಲು 690. ಆದರೆ ವೋಚರ್ ಹಿಡಿದು ಹೊಸ ಮನೆಗೆ ಹೋಗುವಾಗ, ಬಾಡಿಗೆ ಮಿತಿಯನ್ನು ಮೀರಿದ್ದರೆ, ಕುಟುಂಬದ ಪಾಲು ಶೇಕಡಾ 40 ದಾಟಬಾರದೆಂಬ ಇನ್ನೊಂದು ಕಟ್ಟಳೆಯಿದೆ. ಅವಳ ಶೇಕಡಾ 40 ಎಂದರೆ 600. ಹಾಗಾಗಿ ಆ ಮನೆ ಅವಳ ಕೈತಪ್ಪಿತು. ಆ ಶಾಲೆಯೂ ತಪ್ಪಿತು. ಅದೇ ತಾಯಿ, ಅದೇ ಮನೆ, ಅದೇ ಆದಾಯ. ಬದಲಾದದ್ದು ಕೋಷ್ಟಕದ ಒಂದು ಅಂಕಿ ಮಾತ್ರ.

ಹಾಗಿದ್ದರೆ ಎಲ್ಲ ಪ್ರಾಧಿಕಾರಗಳೂ 110ನ್ನೇ ಇಟ್ಟುಕೊಳ್ಳಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಉತ್ತರ ಭಾಗಾಕಾರದಲ್ಲಿದೆ. ವರ್ಷಕ್ಕೆ ಬರುವ ಹಣಕ್ಕೆ ಮಿತಿಯಿದೆ. ತಿಂಗಳಿಗೆ 95,000 ಡಾಲರ್ ಇದೆ ಎಂದುಕೊಂಡರೆ, ಕುಟುಂಬಕ್ಕೆ 950ರಂತೆ 100 ಕುಟುಂಬಗಳಿಗೆ ನೆರವಾಗಬಹುದು. 1,050ರಂತೆ ಕೊಟ್ಟರೆ 90 ಕುಟುಂಬಗಳಿಗೆ ಮಾತ್ರ. 810ರಂತೆ ಕೊಟ್ಟರೆ ಕಾಗದದ ಮೇಲೆ 117 ಕುಟುಂಬ. ಆದರೆ ಅವರಲ್ಲಿ ಎಷ್ಟೋ ಮಂದಿಗೆ ಆ ಹಣಕ್ಕೆ ಮನೆಯೇ ಸಿಗದೆ ವೋಚರಿನ ಅವಧಿ ಮುಗಿದುಹೋದೀತು. ಮನೆ ಹುಡುಕಲು ಆರಂಭದಲ್ಲಿ ಕನಿಷ್ಠ 60 ದಿನಗಳ ಕಾಲಾವಕಾಶ ಇರುತ್ತದೆ. ಅದನ್ನು ವಿಸ್ತರಿಸುವುದು ಪ್ರಾಧಿಕಾರದ ನಿಯಮಕ್ಕೆ ಬಿಟ್ಟದ್ದು. ಹೆಚ್ಚು ಜನಕ್ಕೆ ಸ್ವಲ್ಪವೋ, ಸ್ವಲ್ಪ ಜನಕ್ಕೆ ಸಾಕಷ್ಟೋ? ನಿಯಮ ತಿದ್ದುವ ಪ್ರತಿಯೊಂದು ಮಂಡಳಿಯ ಮುಂದೆಯೂ ಈ ಪ್ರಶ್ನೆ ಕೂತಿರುತ್ತದೆ.

ತಿದ್ದುವ ಕ್ರಮ

ನಿಯಮ ತಿದ್ದಬೇಕಾಗುವುದು ಹಲವು ಕಾರಣಗಳಿಂದ. ಹೊಸ ಬಾಡಿಗೆ ಅಂಕಿಗಳು ಪ್ರಕಟವಾದಾಗ ಹಳೆಯ ಪಾವತಿ ಮಿತಿ 90-110ರ ಗೆರೆಯಾಚೆ ಹೋಗಿದ್ದರೆ ಅದನ್ನು ಕೆಲವೇ ತಿಂಗಳಲ್ಲಿ ಸರಿಪಡಿಸಲೇಬೇಕು. ಸಂಸತ್ತು ಹೊಸ ಕಾಯ್ದೆ ಮಾಡಿದಾಗಲೂ ಅಷ್ಟೇ. ಆದಾಯ ಮತ್ತು ಆಸ್ತಿಯನ್ನು ಲೆಕ್ಕ ಹಿಡಿಯುವ ಕ್ರಮವನ್ನು ಬದಲಿಸಿದ ಕಾಯ್ದೆಯೊಂದು 2016ರಲ್ಲಿ ಬಂತು. ಅದರ ಅಂತಿಮ ನಿಯಮಗಳು ಹೊರಬಿದ್ದದ್ದು 2023ರಲ್ಲಿ. ಆಮೇಲೆ ಊರೂರಿನ ಪ್ರಾಧಿಕಾರಗಳು ತಮ್ಮ ಪುಸ್ತಕಗಳನ್ನು ತಿದ್ದಲು ಕೂರಬೇಕಾಯಿತು.

ಸರದಿಯಲ್ಲಿ ಯಾರಿಗೆ ಆದ್ಯತೆ ಎಂಬುದೂ ಬಹುಪಾಲು ಸ್ಥಳೀಯ ತೀರ್ಮಾನ. ಮನೆಯಿಲ್ಲದವರಿಗೋ, ಮಾಜಿ ಸೈನಿಕರಿಗೋ, ಮನೆಯೊಳಗಿನ ಹಿಂಸೆಯಿಂದ ಪಾರಾಗಿ ಬಂದ ಮಹಿಳೆಯರಿಗೋ? ಆದರೆ ಕೇಂದ್ರದ ಒಂದು ಕಟ್ಟಳೆಯನ್ನು ಯಾರೂ ಮೀರುವಂತಿಲ್ಲ: ವರ್ಷದಲ್ಲಿ ಹೊಸದಾಗಿ ವೋಚರ್ ಪಡೆಯುವವರಲ್ಲಿ ಕನಿಷ್ಠ ಶೇಕಡಾ 75 ಮಂದಿ ಅತಿ ಕಡಿಮೆ ಆದಾಯದವರಾಗಿರಬೇಕು.

ತಿದ್ದುಪಡಿಯನ್ನು ಮುಚ್ಚಿದ ಕೋಣೆಯಲ್ಲಿ ಮಾಡಿ ಮುಗಿಸದಂತೆ 1998ರ ಕಾಯ್ದೆ ಒಂದು ದಾರಿ ಹಾಕಿಕೊಟ್ಟಿದೆ. ಪ್ರಾಧಿಕಾರ ವಾರ್ಷಿಕ ಯೋಜನೆಯ ಕರಡನ್ನು ಸಿದ್ಧಪಡಿಸಿ ತನ್ನ ಕಚೇರಿಯಲ್ಲಿ ಎಲ್ಲರಿಗೂ ನೋಡಲು ಇಡಬೇಕು. ಸಾರ್ವಜನಿಕ ಸಭೆಗೆ ಕನಿಷ್ಠ 45 ದಿನ ಮೊದಲು ಪ್ರಕಟಣೆ ಹೊರಡಿಸಬೇಕು. ನೆರವು ಪಡೆಯುವ ಕುಟುಂಬಗಳ ಸಲಹಾ ಮಂಡಳಿಯ ಅಭಿಪ್ರಾಯ ಕೇಳಬೇಕು. ಅವರು ಹೇಳಿದ್ದೇನು, ಅದಕ್ಕೆ ತಾನು ಮಾಡಿದ್ದೇನು ಎಂಬುದನ್ನು ಯೋಜನೆಯ ಜೊತೆಗೇ ಲಗತ್ತಿಸಬೇಕು. ಆಡಳಿತ ಮಂಡಳಿಯಲ್ಲೂ ಸಾಮಾನ್ಯವಾಗಿ ಫಲಾನುಭವಿಗಳಲ್ಲಿ ಒಬ್ಬರಾದರೂ ಸದಸ್ಯರಾಗಿರುತ್ತಾರೆ. ಮಂಡಳಿ ಒಪ್ಪಿದ ಮೇಲೆ, ಆರ್ಥಿಕ ವರ್ಷ ಆರಂಭವಾಗುವುದಕ್ಕೆ 75 ದಿನ ಮೊದಲು ಯೋಜನೆ ಕೇಂದ್ರ ಇಲಾಖೆಯನ್ನು ತಲುಪಬೇಕು. ಚಿಕ್ಕ ಪ್ರಾಧಿಕಾರಗಳಿಗೆ ಕಾಗದಪತ್ರದ ಹೊರೆ ಕಡಿಮೆ. ಆದರೆ ಅವೂ ವರ್ಷಕ್ಕೊಮ್ಮೆ ಸಾರ್ವಜನಿಕ ಸಭೆ ಕರೆಯಲೇಬೇಕು.

ತನ್ನ ಆದಾಯದ ಲೆಕ್ಕವೇ ತಪ್ಪಾಗಿದೆ ಎಂದು ಕುಟುಂಬವೊಂದಕ್ಕೆ ಅನಿಸಿದರೆ ಮರುವಿಚಾರಣೆ ಕೇಳುವ ಹಕ್ಕೂ ಇದೆ. ಪಾವತಿ ಮಿತಿ ಇಳಿದಾಗ, ಅದೇ ಮನೆಯಲ್ಲಿ ಮುಂದುವರಿಯುವವರ ಮೇಲೆ ಹೊರೆ ಒಮ್ಮೆಲೇ ಬೀಳದಂತೆ ತಡೆಯೂ ಇದೆ.

ಇಡೀ ನಗರಕ್ಕೆ ಒಂದೇ ಅಂಕಿ ಸಾಕೆ?

ಒಂದು ಮಹಾನಗರಕ್ಕೆಲ್ಲ ಒಂದೇ ಬಾಡಿಗೆ ಅಂಕಿ ಇಟ್ಟರೆ ಏನಾಗುತ್ತದೆ? ದುಬಾರಿ ಬಡಾವಣೆಗೆ ಆ ಹಣ ಸಾಲದು; ಬಡ ಬಡಾವಣೆಗೆ ಬೇಕಾದ್ದಕ್ಕಿಂತ ಹೆಚ್ಚಾದೀತು. ಹೀಗಾಗಿ ವೋಚರ್ ಹಿಡಿದವರು ಮತ್ತೆ ಬಡಕೇರಿಗಳಲ್ಲೇ ಗುಂಪಾಗುತ್ತಾರೆ. ಟೆಕ್ಸಾಸಿನ ಡಲ್ಲಾಸ್ ಪ್ರದೇಶದಲ್ಲಿ ನ್ಯಾಯಾಲಯದ ವ್ಯಾಜ್ಯವೊಂದರ ರಾಜಿಯ ಫಲವಾಗಿ 2011ರಲ್ಲಿ ಈ ಕ್ರಮ ಬದಲಾಯಿತು. ಪ್ರತಿ ಪಿನ್‌ಕೋಡ್ ವಲಯಕ್ಕೂ ಅದರದೇ ಬಾಡಿಗೆ ಅಂಕಿ ಬಂತು. ದುಬಾರಿ ವಲಯದಲ್ಲಿ ಮಿತಿ ಏರಿತು, ಅಗ್ಗದ ವಲಯದಲ್ಲಿ ಇಳಿಯಿತು. ಒಟ್ಟು ಖರ್ಚು ಹೆಚ್ಚದೆಯೇ ಕುಟುಂಬಗಳು ಉತ್ತಮ ಬಡಾವಣೆಗಳಿಗೆ ಹೋದದ್ದನ್ನು ಸಂಶೋಧಕರು ಕಂಡರು. 2016ರ ನಿಯಮದಂತೆ ಇನ್ನೂ ಹಲವು ಮಹಾನಗರ ಪ್ರದೇಶಗಳಿಗೆ ಇದು ಕಡ್ಡಾಯವಾಯಿತು.

ಚೀಟಿ ಎತ್ತಿ ಮಾಡಿದ ಪ್ರಯೋಗ

ಬಡಾವಣೆ ಬದಲಾದರೆ ಮಗುವಿನ ಬದುಕು ನಿಜಕ್ಕೂ ಬದಲಾಗುತ್ತದೆಯೇ? ವಿಜ್ಞಾನದಲ್ಲಿ ಇಂಥ ಪ್ರಶ್ನೆಗೆ ಉತ್ತರ ಬೇಕಾದರೆ ಹೋಲಿಕೆಗೆ ಇನ್ನೊಂದು ಗುಂಪು ಇರಬೇಕು. 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಷಿಕಾಗೋ, ಲಾಸ್ ಏಂಜಲಿಸ್, ನ್ಯೂಯಾರ್ಕ್ ನಗರಗಳಲ್ಲಿ ಹಾಗೆಯೇ ಮಾಡಿದರು. ಸುಮಾರು 4,600 ಕುಟುಂಬಗಳನ್ನು ಲಾಟರಿ ಮೂಲಕ ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಬಡತನ ಕಡಿಮೆಯಿರುವ ಬಡಾವಣೆಗಳಲ್ಲಷ್ಟೇ ಬಳಸಬಹುದಾದ ವೋಚರ್, ಇನ್ನೊಂದಕ್ಕೆ ಸಾಮಾನ್ಯ ವೋಚರ್, ಮೂರನೆಯದಕ್ಕೆ ಈ ಪ್ರಯೋಗದ ವೋಚರ್ ಇಲ್ಲ.

ಮೊದಲ ವರ್ಷಗಳ ಫಲಿತಾಂಶ ನಿರಾಸೆ ತಂದಿತು. ದೊಡ್ಡವರ ಆರೋಗ್ಯ ಸುಧಾರಿಸಿತ್ತು, ಆದರೆ ಗಳಿಕೆ ಹೆಚ್ಚಿರಲಿಲ್ಲ. ಮಕ್ಕಳು ಬೆಳೆದು ದುಡಿಯುವವರೆಗೆ ಕಾಯಬೇಕಾಯಿತು. ದೆಹಲಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಸಹೋದ್ಯೋಗಿಗಳು ತೆರಿಗೆ ದಾಖಲೆಗಳನ್ನು ಜೋಡಿಸಿ 2015ರಲ್ಲಿ ಉತ್ತರ ಕಂಡುಕೊಂಡರು. 13 ತುಂಬುವ ಮೊದಲೇ ಬಡತನ ಕಡಿಮೆಯ ಬಡಾವಣೆಗೆ ಹೋದ ಮಕ್ಕಳು, ಇಪ್ಪತ್ತರ ಹರೆಯದ ನಡುವಿನಲ್ಲಿ, ಹೋಲಿಕೆಯ ಗುಂಪಿನವರಿಗಿಂತ ಶೇಕಡಾ 31ರಷ್ಟು ಹೆಚ್ಚು ಗಳಿಸುತ್ತಿದ್ದರು. ಕಾಲೇಜು ಮೆಟ್ಟಿಲು ಹತ್ತಿದವರೂ ಹೆಚ್ಚು. ಆದರೆ 13 ದಾಟಿದ ಮೇಲೆ ಹೋದವರಿಗೆ ಈ ಲಾಭ ಸಿಗಲಿಲ್ಲ.

2018ರ ಬಳಿಕ ಸಿಯಾಟಲ್ ಮತ್ತು ಅದರ ಸುತ್ತಣ ಕಿಂಗ್ ಕೌಂಟಿಯ ಪ್ರಾಧಿಕಾರಗಳು ಇದೇ ಸಂಶೋಧಕರ ಜೊತೆ ಇನ್ನೊಂದು ಹೆಜ್ಜೆ ಇಟ್ಟವು. ವೋಚರಿನ ಜೊತೆಗೆ ಮನೆ ಹುಡುಕಲು ಸಹಾಯಕರು, ಮುಂಗಡಕ್ಕೆ ಸ್ವಲ್ಪ ಹಣ, ಮಾಲೀಕರೊಂದಿಗೆ ಮಾತುಕತೆ. ಈ ಸಹಾಯವಿಲ್ಲದ ನೂರು ಕುಟುಂಬಗಳಲ್ಲಿ 15 ಉತ್ತಮ ಬಡಾವಣೆಗೆ ಹೋದರೆ, ಸಹಾಯ ಪಡೆದ ನೂರರಲ್ಲಿ 53 ಹೋದವು.

ಸರದಿಯಲ್ಲಿ ಬೆಳೆಯುವ ಮಕ್ಕಳು

ಇಷ್ಟೆಲ್ಲ ಇದ್ದರೂ, ಅಮೆರಿಕದಲ್ಲಿ ಬಾಡಿಗೆ ನೆರವಿಗೆ ಅರ್ಹವಾದ ಕುಟುಂಬಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಮಾತ್ರ ಅದು ದೊರೆಯುತ್ತಿದೆ. ಲಾಸ್ ಏಂಜಲಿಸ್ ನಗರದ ಪ್ರಾಧಿಕಾರ 2022ರಲ್ಲಿ ಸರದಿ ಪಟ್ಟಿಯ 30,000 ಸ್ಥಾನಗಳಿಗೆ ಅರ್ಜಿ ಕರೆದಾಗ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಲಾಟರಿಯಲ್ಲಿ ಗೆದ್ದವರಿಗೂ ಸಿಕ್ಕಿದ್ದು ಸರದಿಯಲ್ಲಿ ಒಂದು ಸ್ಥಾನ. ಮನೆಗಾಗಿ ಆಮೇಲೂ ಕಾಯಬೇಕು. ಹಲವು ಊರುಗಳಲ್ಲಿ ಈ ಕಾಯುವಿಕೆ ವರ್ಷಗಟ್ಟಲೆ.

ಏಳು ವರ್ಷದ ಮಗುವಿನ ಹೆಸರನ್ನು ಅರ್ಜಿಯಲ್ಲಿ ಬರೆದ ತಾಯಿಗೆ ವೋಚರ್ ಬರುವಷ್ಟರಲ್ಲಿ ಆ ಮಗು ಹದಿಮೂರನ್ನು ದಾಟಿರಬಹುದು. ಅದಕ್ಕೇ ಕರಡು ಯೋಜನೆಯ ಪ್ರಕಟಣೆ ಹೊರಬಿದ್ದು ಸಾರ್ವಜನಿಕ ಸಭೆ ನಡೆಯುವವರೆಗಿನ ಆ 45 ದಿನಗಳು ಮುಖ್ಯ. ಪಾವತಿ ಮಿತಿ ಎಷ್ಟಿರಬೇಕು, ಸರದಿಯಲ್ಲಿ ಯಾರು ಮುಂದೆ ಬರಬೇಕು ಎಂದು ತಾಯಂದಿರು ಎದ್ದು ನಿಂತು ಹೇಳಬಹುದಾದ ಅವಕಾಶ ಅಲ್ಲಿದೆ. ಮುಂದಿನ ಅವಕಾಶ ಬರುವುದು ಮರುವರ್ಷ. ಅಷ್ಟರಲ್ಲಿ ಮಗುವಿಗೆ ಇನ್ನೊಂದು ವರ್ಷ ತುಂಬಿರುತ್ತದೆ.