ಪಟ್ನಾ ಕಡೆ ತಿರುಗಿಸಿದರೆ ಬೆಂಗಳೂರು

ಕೋಲ್ಕತ್ತದಲ್ಲಿ ಡಿಸೆಂಬರ್ ಬಂತೆಂದರೆ ಊರಿಗೆ ಊರೇ ಮಂಕಿ ಕ್ಯಾಪ್ ಹಾಕಿಕೊಳ್ಳುತ್ತದೆ. ಬಂದ ಹೊಸತರಲ್ಲಿ ನೋಡಿ ನಗುತ್ತಿದ್ದೆ. ಈಗ ನನ್ನ ಹತ್ತಿರವೂ ಒಂದಿದೆ. ಅದನ್ನು ಹಾಕಿಕೊಂಡು ಬೆಳಗಿನ ಐದೂ ಮುಕ್ಕಾಲಿಗೆ ತಾರಸಿ ಹತ್ತುತ್ತೇನೆ. ಕೈಯಲ್ಲಿ ಇಟ್ಟಿಗೆಯಷ್ಟು ದೊಡ್ಡ ಟ್ರಾನ್ಸಿಸ್ಟರ್. ನೀರಿನ ಟ್ಯಾಂಕಿನ ಪಕ್ಕದ ಕಟ್ಟೆಯ ಮೇಲೆ ಅದನ್ನಿಟ್ಟು, ಮುಳ್ಳನ್ನು 765ರ ಆಸುಪಾಸಿಗೆ ತಂದು ಕಾಯುತ್ತೇನೆ. 5.55ರ ಹೊತ್ತಿಗೆ ಗೊರಗೊರ ಸದ್ದಿನ ಅಡಿಯಿಂದ ಆಕಾಶವಾಣಿಯ ಆ ಹಳೆಯ ಸಂಕೇತ ಸಂಗೀತ ಮೇಲೆದ್ದು ಬರುತ್ತದೆ. ಅಷ್ಟಕ್ಕೇ ಹಿಗ್ಗುವಂತಿಲ್ಲ. ಅದು ದೇಶದ ಎಲ್ಲ ನಿಲಯಗಳಿಗೂ ಒಂದೇ. ಮುಂದೆ ಬರುವ ದನಿ ಯಾವ ಭಾಷೆಯದು ಎನ್ನುವುದರ ಮೇಲೆ ನನ್ನ ಇಡೀ ದಿನ ನಿಂತಿರುತ್ತದೆ.

ಕನ್ನಡ ಬಂದರೆ ಅದು ಧಾರವಾಡ. ನನ್ನ ತಾರಸಿಯಿಂದ ಕಾಗೆ ಹಾರಿದ ಹಾದಿಯಲ್ಲಿ ಸುಮಾರು 1,600 ಕಿಲೊಮೀಟರ್.

ಬ್ಯಾಂಕಿನ ವರ್ಗಾವಣೆ ನನ್ನನ್ನು 2014ರಲ್ಲಿ ಇಲ್ಲಿಗೆ ತಂದು ಹಾಕಿತು. ಊರು ಅಣ್ಣಿಗೇರಿ. ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ರೇಡಿಯೊವನ್ನೇ ಹೆಚ್ಚು ನಂಬುತ್ತಿದ್ದರು. ವಾರ್ತೆ ಮುಗಿದರೆ ಸಾಲಿಗೆ ಹೊರಡಬೇಕು, ಕೃಷಿರಂಗ ಶುರುವಾದರೆ ದೀಪ ಹಚ್ಚಬೇಕು. ಇಲ್ಲಿಗೆ ಬಂದ ಮೇಲೆ ಲೇಕ್ ಮಾರ್ಕೆಟ್‌ನಲ್ಲಿ ಕಾಫಿಪುಡಿ ಸಿಕ್ಕಿತು, ಬಾಳೆಎಲೆ ಸಿಕ್ಕಿತು, ಕನ್ನಡ ಮಾತ್ರ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಒಂದು ರಾತ್ರಿ ಸುಮ್ಮನೆ ಮುಳ್ಳು ತಿರುಗಿಸುತ್ತಿದ್ದಾಗ ಬಂಗಾಳಿ, ಹಿಂದಿ, ಒಡಿಯಾಗಳ ಸಂತೆಯ ನಡುವೆ ಯಾರೋ ‘ಕೇಳುಗರೇ’ ಎಂದಂತಾಯಿತು. ಭ್ರಮೆಯೇನೋ ಎಂದುಕೊಂಡೆ. ಹಿಂದಕ್ಕೆ ತಿರುಗಿಸಿದೆ. ಭ್ರಮೆಯಾಗಿರಲಿಲ್ಲ.

ಹಗಲಿನಲ್ಲಿ ಇದು ಸಾಧ್ಯವೇ ಇಲ್ಲ. ಹಗಲು ಮೀಡಿಯಂ ವೇವ್ ಅಲೆಗಳು ನೆಲ ಹಿಡಿದು ಸಾಗುತ್ತವೆ, ಕೆಲವು ನೂರು ಕಿಲೊಮೀಟರ್ ದಾಟುವಷ್ಟರಲ್ಲಿ ಸುಸ್ತಾಗುತ್ತವೆ. ಮೇಲಕ್ಕೆ ಹೋದ ಅಲೆಯನ್ನು ಅಯಾನುಗೋಳದ ಕೆಳಪದರ, ‘ಡಿ’ ಪದರ ಎನ್ನುತ್ತಾರೆ, ಅರಿವೆ ನೀರು ಹೀರಿದಂತೆ ಹೀರಿಬಿಡುತ್ತದೆ. ಆ ಪದರವನ್ನು ಕಟ್ಟುವವನು ಸೂರ್ಯ. ಅವನು ಮುಳುಗಿದ ಮೇಲೆ ಅದು ಕರಗಿ, ಸುಮಾರು ನೂರು ಕಿಲೊಮೀಟರ್ ಎತ್ತರದ ‘ಇ’ ಪದರಕ್ಕೆ ದಾರಿ ತೆರೆಯುತ್ತದೆ. ಅಲೆ ಅಲ್ಲಿಗೆ ತಾಗಿ ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಒಂದು ಜಿಗಿತಕ್ಕೆ ಎರಡು ಸಾವಿರ ಕಿಲೊಮೀಟರ್‌ವರೆಗೂ ಹೋಗಬಲ್ಲದು. ಧಾರವಾಡದ 200 ಕಿಲೊವ್ಯಾಟ್ ಟ್ರಾನ್ಸ್‌ಮಿಟರ್‌ನಿಂದ ಹೊರಟ ಮಾತು ನನ್ನ ತಾರಸಿಗೆ ಬರಲು ಒಂದೇ ಜಿಗಿತ ಸಾಕು.

ಅದಕ್ಕೇ ಈ ಚಳಿಗಾಲದ ಬೆಳಗುಗಳ ಮೇಲೆ ನನಗೆ ಇಷ್ಟು ಆಸೆ. ದೇಶಕ್ಕೆಲ್ಲ ಗಡಿಯಾರ ಒಂದೇ, ಸೂರ್ಯ ಮಾತ್ರ ಕೋಲ್ಕತ್ತಕ್ಕೆ ಧಾರವಾಡಕ್ಕಿಂತ ಮುಕ್ಕಾಲು ಗಂಟೆ ಮೊದಲು ಬರುತ್ತಾನೆ. ಜೂನ್‌ನಲ್ಲಿ ಇಲ್ಲಿ ಐದಕ್ಕೆ ಮೊದಲೇ ಬೆಳಕು. ಧಾರವಾಡ ಬಾಯಿ ತೆರೆಯುವ ಹೊತ್ತಿಗೆ ನಮ್ಮ ಕಡೆಯ ಬಾಗಿಲು ಮುಚ್ಚಿರುತ್ತದೆ. ಜನವರಿಯಲ್ಲಿ ಇಲ್ಲಿ ಸೂರ್ಯೋದಯ 6.15ರ ಮೇಲೆ. ಅಂದರೆ ನಿಲಯ ತೆರೆದಾಗ ಎರಡೂ ಕಡೆ ಕತ್ತಲು. ಇಪ್ಪತ್ತು ನಿಮಿಷ, ಅದೃಷ್ಟವಿದ್ದರೆ ಅರ್ಧ ಗಂಟೆ. ಆಮೇಲೆ ದನಿ ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಟೊಳ್ಳಾಗುತ್ತದೆ, ದೂರ ಸರಿಯುತ್ತದೆ, ಒಮ್ಮೆ ತಿರುಗಿ ಬರುತ್ತದೆ, ಕೊನೆಗೆ ಗೊರಗೊರ ಉಳಿಯುತ್ತದೆ. ಅಷ್ಟರಲ್ಲಿ ಕೆಳಗೆ ಹಾಲಿನವನ ಸೈಕಲ್ ಗಂಟೆ.

ಬೆಂಗಳೂರಿನದು ಬೇರೆಯೇ ತಂಟೆ. ಅದು 612 ಕಿಲೊಹರ್ಟ್ಸ್. ಅದರ ಪಕ್ಕದ ಮನೆ 621ರಲ್ಲಿ ಪಟ್ನಾ ಇದೆ. ಪಟ್ನಾ ನಮಗೆ ಬೆಂಗಳೂರಿಗಿಂತ ಮೂರು ಪಾಲು ಹತ್ತಿರ, ಅದರ ಗದ್ದಲಕ್ಕೆ ಬೆಂಗಳೂರು ಬಾಯಿ ಬಿಡುವಂತಿಲ್ಲ. ತಿಂಗಳುಗಟ್ಟಲೆ ಒದ್ದಾಡಿದೆ. ದಾರಿ ತೋರಿಸಿದವನು ಚಾಂದನಿ ಚೌಕದ ಒಬ್ಬ ರಿಪೇರಿಯವನು. ಮೆಟ್ರೊ ನಿಲ್ದಾಣದಿಂದ ಮೇಲೆ ಬಂದರೆ ಆ ಬೀದಿಗಳ ತುಂಬ ತಂತಿ, ಸ್ಪೀಕರು, ಬಿಚ್ಚಿಟ್ಟ ಟಿ.ವಿ. ರೇಡಿಯೊದ ಬೆನ್ನು ತೆಗೆದು ಒಳಗಿನ ಕಪ್ಪು ಫೆರೈಟ್ ಕಡ್ಡಿ ತೋರಿಸಿದ: ‘ಇದು ಅಡ್ಡ ಬಂದ ಅಲೆಯನ್ನು ಹಿಡಿಯುತ್ತೆ, ತುದಿಗೆ ಎದುರಾಗಿ ಬಂದದ್ದನ್ನು ಬಿಡುತ್ತೆ. ಬೇಡದವರ ಕಡೆಗೆ ತುದಿ ಮಾಡಿ.’ ಮನೆಗೆ ಬಂದು ನಕಾಶೆ ಹರಡಿ ಕುಳಿತೆ. ಪಟ್ನಾ ನಮಗೆ ನೇರ ವಾಯವ್ಯ. ಬೆಂಗಳೂರು ನೈರುತ್ಯ. ಕಡ್ಡಿಯ ತುದಿಯನ್ನು ಪಟ್ನಾಕ್ಕೆ ಮಾಡಿದರೆ ಅದರ ಪಕ್ಕೆ ತಾನಾಗಿಯೇ ಬೆಂಗಳೂರಿನ ಕಡೆಗಿರುತ್ತದೆ! ಆ ರಾತ್ರಿ ರೇಡಿಯೊವನ್ನು ಕಟ್ಟೆಯ ಮೇಲೆ ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ತಿರುಗಿಸಿದೆ. ಹಿಂದಿ ಕರಗಿತು. ಅದರ ಕೆಳಗೆ ಒಂದು ವೀಣೆ ಇತ್ತು.

ಅದೇ ರಿಪೇರಿಯವನು ಮೊದಲ ಸಲ ಕೇಳಿದ್ದು, ‘ಮಹಾಲಯಕ್ಕಾ?’ ಎಂದು. ಬಂಗಾಳಿಗಳಿಗೆ ರೇಡಿಯೊ ಎಂದರೆ ಮಹಾಲಯದ ಬೆಳಗಿನ ಜಾವ ನಾಲ್ಕು ಗಂಟೆ. 1931ರಿಂದ ಬರುತ್ತಿರುವ ‘ಮಹಿಷಾಸುರ ಮರ್ದಿನಿ’, ಬೀರೇಂದ್ರಕೃಷ್ಣ ಭದ್ರರ ಚಂಡೀಪಾಠ. 1976ರಲ್ಲಿ ಆಕಾಶವಾಣಿಯವರು ಅದನ್ನು ಬದಲಿಸಿ ಸಿನಿಮಾ ನಟ ಉತ್ತಮ್ ಕುಮಾರರಿಂದ ಓದಿಸಿದಾಗ ಊರೇ ರೊಚ್ಚಿಗೆದ್ದಿತು. ಹಳೆಯದನ್ನೇ ವಾಪಸು ತರಬೇಕಾಯಿತು. ಇಂದಿಗೂ ದಸರೆಗೆ ಮುಂಚೆ ಅಟ್ಟದ ಮೇಲಿನ ರೇಡಿಯೊಗಳು ರಿಪೇರಿ ಅಂಗಡಿಗೆ ಇಳಿದು ಬರುತ್ತವೆ. ವರ್ಷಕ್ಕೆ ಒಂದೇ ಬೆಳಗು ಅದಕ್ಕೆ ಜೀವ. ಕನ್ನಡ ಕೇಳುವುದಕ್ಕೆ ಎಂದಾಗ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, ‘ಎತೋ ದೂರ್ ಥೇಕೆ?’ ಎಂದ. ಅಷ್ಟು ದೂರದಿಂದ?

ಈ ದೂರದ ಲೆಕ್ಕ ಹಾಕಿದವರೂ ಇದೇ ಊರಿನವರು ಎನ್ನುವುದು ನನಗೆ ತಡವಾಗಿ ತಿಳಿಯಿತು. ಕಲ್ಕತ್ತ ವಿಶ್ವವಿದ್ಯಾಲಯದ ಪ್ರೊಫೆಸರ್ ಶಿಶಿರ್ ಕುಮಾರ್ ಮಿತ್ರ 1930ರ ದಶಕದಲ್ಲಿ ತಮ್ಮ ಶಿಷ್ಯರೊಂದಿಗೆ ಇಲ್ಲಿನ ಆಕಾಶಕ್ಕೆ ರೇಡಿಯೊ ಅಲೆ ಬಿಟ್ಟು, ಅದು ಯಾವ ಎತ್ತರದಿಂದ ಹಿಂದಿರುಗುತ್ತದೆ ಎಂದು ಅಳೆಯುತ್ತಿದ್ದರು. 1947ರಲ್ಲಿ ಏಷ್ಯಾಟಿಕ್ ಸೊಸೈಟಿ ಪ್ರಕಟಿಸಿದ ಅವರ ‘ದಿ ಅಪ್ಪರ್ ಅಟ್ಮಾಸ್ಫಿಯರ್’ ಈ ವಿಷಯಕ್ಕೆ ಜಗತ್ತಿನಾದ್ಯಂತ ಆಧಾರಗ್ರಂಥವಾಗಿತ್ತು. ಅವರಿಗೂ ಮುಂಚೆ ಜಗದೀಶಚಂದ್ರ ಬೋಸ್. ನಮ್ಮ ಕಡೆಯ ಪಾಲೂ ಕಡಿಮೆಯದಲ್ಲ ಬಿಡಿ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ನಿಲಯ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಹೋದದ್ದು ಅಲ್ಲಿಂದ. ಇಲ್ಲಿನ ಗೆಳೆಯರ ಮುಂದೆ ಇದನ್ನು ಹೇಳುವ ಅವಕಾಶವನ್ನು ನಾನು ಯಾವತ್ತೂ ಬಿಟ್ಟುಕೊಟ್ಟಿಲ್ಲ.

ಹೀಗೆ ದೂರದ ನಿಲಯ ಹಿಡಿಯುವವರನ್ನು ಡಿಎಕ್ಸರ್‌ಗಳು ಎನ್ನುತ್ತಾರೆ. ಅವರದೇ ಒಂದು ಹಳೆಯ ಸಂಘ, ಇಂಡಿಯನ್ ಡಿಎಕ್ಸ್ ಕ್ಲಬ್ ಇಂಟರ್‌ನ್ಯಾಷನಲ್, ಕೋಲ್ಕತ್ತದ್ದೇ. ಕೇಳಿದ ನಿಲಯಕ್ಕೆ ಸಮಯ, ತರಂಗಾಂತರ, ಕಾರ್ಯಕ್ರಮದ ವಿವರ ಬರೆದು ಕಳಿಸಿದರೆ ಅವರು ಒಪ್ಪಿಗೆಯ ಕಾರ್ಡು ಕಳಿಸುವ ಪದ್ಧತಿ ಇದೆ. ನಾನು ಅಷ್ಟು ಶಿಸ್ತಿನವನಲ್ಲ. ಆದರೆ ಹಳೆಯ ಬ್ಯಾಂಕ್ ಡೈರಿಯಲ್ಲಿ ಬರೆದಿಡುತ್ತೇನೆ. ಅದರಿಂದಲೇ ನನಗೆ ಗೊತ್ತಾದದ್ದು: ವರ್ಷ ವರ್ಷಕ್ಕೆ ಕನ್ನಡ ದೂರವಾಗುತ್ತಿದೆ.

ಧಾರವಾಡ ಎಲ್ಲಿಗೂ ಹೋಗಿಲ್ಲ. ಗದ್ದಲ ಹೆಚ್ಚಾಗಿದೆ, ಅಷ್ಟೆ. 2014ರಲ್ಲಿ ನಮ್ಮ ಕಟ್ಟಡದಲ್ಲಿ ಟ್ಯೂಬ್‌ಲೈಟುಗಳಿದ್ದವು. ಈಗ ಪ್ರತಿ ಮನೆಯಲ್ಲೂ ಹತ್ತಾರು ಎಲ್‌ಇಡಿ ಬಲ್ಬು, ಚಾರ್ಜರು, ಇನ್ವರ್ಟರು. ಇವುಗಳೊಳಗಿನ ಸರ್ಕಿಟ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತದೆ. ಅಗ್ಗದ ಮಾಲಿನಲ್ಲಿ ಆ ಸದ್ದು ಹೊರಗೆ ಬಾರದಂತೆ ತಡೆಯುವ ಭಾಗವನ್ನೇ ಹಾಕಿರುವುದಿಲ್ಲ. ಅದು ಮನೆಯ ವೈರಿಂಗ್ ಹಿಡಿದು ಮೀಡಿಯಂ ವೇವ್ ತುಂಬ ಗುಂಯ್ ಎನ್ನುತ್ತದೆ. ನಾನು ತಾರಸಿ ಹತ್ತುವುದು ವಿಹಾರಕ್ಕಲ್ಲ, ಕೋಣೆಯೊಳಗೆ ಈಗ ಕೋಲ್ಕತ್ತವೇ ಸರಿಯಾಗಿ ಕೇಳುವುದಿಲ್ಲ.

ಗದ್ದಲವಿಲ್ಲದ ಮೀಡಿಯಂ ವೇವ್ ಹೇಗಿರುತ್ತದೆ ಎಂದು ಒಂದೇ ಸಲ ಕೇಳಿದ್ದೇನೆ. 2020ರ ಮೇ 20ರಂದು ಅಂಫಾನ್ ಚಂಡಮಾರುತ ಬಂತು. ಮರಗಳು ಸಾವಿರಗಟ್ಟಲೆ ಉರುಳಿದವು, ಕಾಲೇಜ್ ಸ್ಟ್ರೀಟ್‌ನಲ್ಲಿ ಪುಸ್ತಕಗಳು ನೀರಿನ ಮೇಲೆ ತೇಲಿದವು. ನಮ್ಮ ಓಣಿಗೆ ನಾಲ್ಕು ದಿನ ಕರೆಂಟ್ ಇಲ್ಲ. ಮಾರನೆಯ ದಿನ ನೆಟ್‌ವರ್ಕ್ ಹೋಯಿತು, ಸಂಜೆಗೆ ಫೋನೂ ಸತ್ತಿತು. ಲಾಕ್‌ಡೌನ್ ಬೇರೆ. ಹೆಂಡತಿ ಮಕ್ಕಳು ಊರಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಮನೆಯಲ್ಲಿ ನಾನೊಬ್ಬನೇ. ಬದುಕಿದ್ದೇನೆ ಎಂದು ಅವ್ವನಿಗೆ ಹೇಳುವ ದಾರಿಯೂ ಇಲ್ಲ.

ರಾತ್ರಿ ರೇಡಿಯೊ ಹಚ್ಚಿದೆ. ಮೊದಲು ಕೆಟ್ಟಿದೆಯೇನೋ ಎನ್ನಿಸಿತು, ಅಷ್ಟು ನಿಶ್ಶಬ್ದ. ಗುಂಯ್ ಎನ್ನುವುದೇ ಇಲ್ಲ, ದೂರದ ಮಿಂಚಿನ ಚಟಪಟ ಮಾತ್ರ. ಮುಳ್ಳು ತಿರುಗಿಸಿದಲ್ಲೆಲ್ಲ ಒಂದೊಂದು ಊರು ಎದ್ದು ನಿಂತಿತು. 693ರಲ್ಲಿ ಢಾಕಾ, 657ರಲ್ಲಿ ನಮ್ಮದೇ ಕೋಲ್ಕತ್ತ, ಮರ ತೆರವಿನ ಸುದ್ದಿ. 765ರಲ್ಲಿ ಧಾರವಾಡ ಕೋಣೆಯೊಳಗೇ, ಊಟದ ಮೇಜಿನ ಮೇಲೆ ಕುಳಿತು ಮಾತಾಡಿದಷ್ಟು ಹತ್ತಿರ. ನಿಲಯ ಮುಚ್ಚುವ ತನಕ ಕೇಳಿದೆ. ಮರುದಿನವೂ, ಅದರ ಮರುದಿನವೂ.

ಕೆಳಗಿನ ಮನೆಯ ದಾದಾ ತಮ್ಮ ಕಾರಿನಲ್ಲಿ ಫೋನ್ ಚಾರ್ಜ್ ಮಾಡಿಕೊಟ್ಟ ಮೇಲೆ ಅವ್ವನಿಗೆ ಕರೆ ಹೋಯಿತು. ಅಳುತ್ತಾಳೇನೋ ಎಂದುಕೊಂಡಿದ್ದೆ.

‘ಅರಾಮ ಅದೀನವ್ವಾ’ ಎಂದೆ.

‘ಇರ್ತಿ ಬಿಡು. ಕಲ್ಕತ್ತಾದಾಗ ಕರೆಂಟಿಲ್ಲ, ಫೋನಿಲ್ಲ ಅಂತ ರೇಡಿಯೊದಾಗ ಹೇಳಿದ್ರು. ನಿನ್ ಕಡೆ ಸೆಲ್ಲಿನ ರೇಡಿಯೊ ಐತೆಲ್ಲ? ನೀ ಕೇಳ್ತಿರ್ತಿ ಅಂತ ನಾನೂ ಬಂದ್ ಆಗೂತನಾ ಹಚ್ಚಿಟ್ಕೊಂಡು ಕುಂತಿರ್ತಿದ್ನೆಪ್ಪಾ.’

ದಿನಾ ಒಂಬತ್ತಕ್ಕೆ ಮಲಗುವ ಹೆಂಗಸು ಅವಳು.

ಈಗ ಮೊಬೈಲ್ ಆ್ಯಪ್ ಇದೆ, ಆಕಾಶವಾಣಿಯ ನಿಲಯಗಳೆಲ್ಲ ಅದರಲ್ಲಿ ಹಗಲು ರಾತ್ರಿ ತಿಳಿಯಾಗಿ ಸಿಗುತ್ತವೆ, ಇದೆಲ್ಲ ಯಾಕೆ ಎಂದು ನನ್ನ ಮಗಳು ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ನಾನೂ ಆ್ಯಪ್ ಬಳಸುತ್ತೇನೆ, ಸಂಗೀತ ಕೇಳಬೇಕಾದರೆ ಅದೇ ಲೇಸು. ಆದರೆ ಆ ನಾಲ್ಕು ರಾತ್ರಿ ಆ್ಯಪ್ ಇರಲಿಲ್ಲ. ಧಾರವಾಡಕ್ಕೂ ನನಗೂ ನಡುವೆ ಒಂದು ಟವರಿಲ್ಲ, ಒಂದು ತಂತಿಯಿಲ್ಲ, ಆಕಾಶವೊಂದೇ ಇತ್ತು. ಟ್ರಾನ್ಸ್‌ಮಿಟರ್ ಮುಚ್ಚುವ ಲೆಕ್ಕಾಚಾರದಲ್ಲಿ ಕೇಳುಗರು ಎಷ್ಟು, ಕರೆಂಟ್ ಬಿಲ್ ಎಷ್ಟು ಎಂದು ನೋಡುತ್ತಾರೆ. ಇಂಥ ರಾತ್ರಿಗಳನ್ನು ಯಾವ ಕಾಲಂನಲ್ಲಿ ಬರೆಯುತ್ತಾರೋ ಕಾಣೆ.

ಮುಚ್ಚುವುದಂತೂ ನಡೆದೇ ಇದೆ. ನಾಗಪುರದ 1566ರಲ್ಲಿ ರಾತ್ರಿಯೆಲ್ಲ ದೇಶಕ್ಕೆಲ್ಲ ಕೇಳುತ್ತಿದ್ದ ರಾಷ್ಟ್ರೀಯ ಚಾನೆಲ್ 1988ರಲ್ಲಿ ಶುರುವಾಗಿ 2019ರಲ್ಲಿ ನಿಂತಿತು. ಕಿರುತರಂಗದ ಎಷ್ಟೋ ನಿಲಯಗಳು ಹೋದವು. ಉಳಿದ ದೊಡ್ಡ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳಿಗೆ, ಬೆಂಗಳೂರು ಧಾರವಾಡಗಳೂ ಸೇರಿ, ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿ ಅಳವಡಿಸಿದ್ದಾರೆ. ಹೂಗ್ಲಿ ದಂಡೆಯ ಚುಂಚುಡಾದಲ್ಲಿ 594ರ ಸಾವಿರ ಕಿಲೊವ್ಯಾಟ್ ಯಂತ್ರವೂ ಹಾಗೆಯೇ. ಬಾಂಗ್ಲಾದೇಶಕ್ಕಾಗಿ 2016ರಲ್ಲಿ ಶುರುವಾದ ‘ಮೈತ್ರಿ’ ಅಲ್ಲಿಂದ ಹೋಗುತ್ತದೆ. ಡಿಜಿಟಲ್ ದನಿ ಎಫ್‌ಎಂನಷ್ಟು ಸ್ವಚ್ಛ, ಕೆಲವು ಹೊಸ ಕಾರುಗಳಲ್ಲಿ ಅದರ ರೇಡಿಯೊ ಬಂದೇ ಇರುತ್ತದೆ. ಅವ್ವನ ಸೆಟ್ಟಿನಲ್ಲಿ ಅದು ಬರೀ ಸರ್‍ರ್ ಎನ್ನುವ ಸದ್ದು. ಇನ್ನೊಂದು ಮಾತಿದೆ. ಹಳೆಯ ಅಲೆ ಸೊರಗಿದಾಗ ಅರ್ಧ ಪದ ಕೊಡುತ್ತದೆ, ಉಳಿದರ್ಧ ನಾವು ತುಂಬಿಕೊಳ್ಳುತ್ತೇವೆ. ಡಿಜಿಟಲ್ ಬಂದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ನನ್ನಂಥ ಅಂಚಿನಲ್ಲಿ ಕುಳಿತವನಿಗೆ ಅರ್ಧ ಪದವೇ ದೊಡ್ಡದು.

ಹೋದ ತಿಂಗಳು ಅವ್ವನ ರೇಡಿಯೊದ ಡಯಲ್ ದಾರ ಹರಿಯಿತು. ಅಣ್ಣಿಗೇರಿಯಲ್ಲಿ ರಿಪೇರಿ ಮಾಡುತ್ತಿದ್ದವರು ಈಗ ಮೊಬೈಲ್ ಕವರ್ ಮಾರುತ್ತಾರೆ. ತಮ್ಮ ಅವಳ ಫೋನಿಗೆ ಆ್ಯಪ್ ಹಾಕಿಕೊಟ್ಟಿದ್ದಾನೆ. ‘ಭಾಳ ಸ್ವಚ್ಛ ಕೇಳಸ್ತೈತಿ, ಆದ್ರ ಇದಕ್ಕ ತಿಂಗಳಾ ತಿಂಗಳಾ ರೊಕ್ಕ ಹಾಕಬೇಕಂತ’ ಎಂದಳು. ಚಾಂದನಿಯವನಿಗೆ ಹೇಳಿ ಅದೇ ಕಂಪನಿಯ ಹಳೆಯ ಸೆಟ್ಟೊಂದನ್ನು ಸಜ್ಜು ಮಾಡಿಸಿದ್ದೇನೆ, ಮುಂದಿನ ರಜೆಗೆ ಒಯ್ಯಬೇಕು. ಅಲ್ಲಿಯತನಕ ಅದು ನನ್ನ ಸೆಟ್ಟಿನ ಪಕ್ಕದಲ್ಲೇ ಇದೆ. ಈ ವಾರ ಎರಡನ್ನೂ ತಾರಸಿಗೆ ಒಯ್ದು ಹೋಲಿಸಿ ನೋಡಿದೆ. ಅವಳದೇ ಒಂದು ಕೈ ಮೇಲು. ಬೆಳಗಿನ ಧಾರವಾಡ ಇನ್ನು ಹೆಚ್ಚು ದಿನವಿಲ್ಲ. ಹೋಳಿಯ ಹೊತ್ತಿಗೆ ಇಲ್ಲಿ ಸೂರ್ಯ ನಿಲಯಕ್ಕಿಂತ ಮೊದಲೇ ಎದ್ದುಬಿಡುತ್ತಾನೆ. ಆಮೇಲೆ ರಾತ್ರಿ ಊಟ ಮುಗಿಸಿ ಹತ್ತಬೇಕು.